ಇಪ್ಪತ್ತಾರನೇ ಕೆಜಿ
ವಿಜಯನಗರದ ಅಕ್ಕಿ ಅಂಗಡಿಗಳಲ್ಲಿ ಮೂಟೆ ಎಂದರೆ ಈಗ 26 ಕೆಜಿ. 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕೆಟ್ ಅಕ್ಕಿಗೆ ಶೇ 5ರಷ್ಟು ಜಿಎಸ್‌ಟಿ ಬಿತ್ತು. ಮಿಲ್ಲಿನವರು ಇನ್ನೊಂದು ಕೆಜಿ ತುಂಬಿ ತೆರಿಗೆಯ ಗೆರೆ ದಾಟಿಬಿಟ್ಟರು. ಗಿರಾಕಿಗಳೇನು ಕಮ್ಮಿಯೇ? ಒಂದು ಮೂಟೆ ತಂದು ಎರಡು ಮನೆಯವರು ಹಂಚಿಕೊಳ್ಳುವುದನ್ನು ನಮ್ಮ ವಠಾರದಲ್ಲೇ ಕಂಡಿದ್ದೇನೆ. ದರ ಇನ್ನೂ ಏರಿದಾಗ ಜನ ಅನ್ನ ಬಿಡಲಿಲ್ಲ, ಹಳೇ ಸೋನಾ ಮಸೂರಿ ಬಿಟ್ಟು ಹೊಸದಕ್ಕೆ ಇಳಿದರು. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಚಿತ್ರಾನ್ನಕ್ಕೆ ಒಗ್ಗುವುದಿಲ್ಲ. ಹೊಸ ಅಕ್ಕಿ ತಂದ ತಿಂಗಳು ಬೆಳಗಿನ ತಿಂಡಿಗೆ ಉಪ್ಪಿಟ್ಟೇ ಗತಿ. 2023ರ ಜುಲೈ ಇನ್ನೂ ವಿಚಿತ್ರ. ಕೇಂದ್ರದಿಂದ ಅಕ್ಕಿ ಸಿಗದೆ ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿಗೆ ಬದಲಾಗಿ ರಾಜ್ಯ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು, ಅಂದರೆ ಕೆಜಿಗೆ 34. ಅದೇ ತಿಂಗಳ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಂತಿತು. ಅಮೆರಿಕದ ಇಂಡಿಯನ್ ಸ್ಟೋರ್‌ಗಳ ಮುಂದೆ ಸಾಲು ಹನುಮಂತನ ಬಾಲ. ಇಲ್ಲಿ ಅಂತಹ ನೂಕುನುಗ್ಗಲಿರಲಿಲ್ಲ. ನಮ್ಮ ಅಂಗಡಿಯವರು ಮಾತ್ರ ಗೋಣಿ ತಟ್ಟಿ ಕೇಳುತ್ತಿದ್ದರು: ‘ಹಳೇದು ಕೊಡ್ಲಾ ಅಕ್ಕ, ಹೊಸದಾ?’ ಅಕ್ಕ ಒಂದೆರಡು ಕಾಳು ಬಾಯಿಗೆ ಹಾಕಿಕೊಂಡು, ಜಗಿಯುತ್ತಾ, ಪರ್ಸಿನೊಳಗೆ ನೋಡುತ್ತಿದ್ದರು.