ಬದುಕಿ ಮನೆಗೆ ಹೋದವರ ಲೆಕ್ಕ ಎಲ್ಲಿದೆ?

ಮಾನ್ಯ ಆರೋಗ್ಯ ಸಚಿವರೇ,



ಪ್ರತಿ ವರ್ಷ ಮಾದಕವಸ್ತು ವಿರೋಧಿ ದಿನವಾದ ಜೂನ್ 26ರಂದು ತಾವು ವೇದಿಕೆ ಏರಿ ಮಕ್ಕಳಿಗೆ ಪ್ರತಿಜ್ಞೆ ಬೋಧಿಸುತ್ತೀರಿ. ವಶಪಡಿಸಿಕೊಂಡ ಮಾಲಿನ ತೂಕ, ಬೆಲೆ, ಬಂಧಿತರ ಸಂಖ್ಯೆ ಎಲ್ಲವೂ ತಮ್ಮ ನಾಲಿಗೆ ತುದಿಯಲ್ಲಿರುತ್ತವೆ. ವ್ಯಸನಿ ಅಪರಾಧಿಯಲ್ಲ, ರೋಗಿ ಎಂಬ ಮಾತನ್ನೂ ಮರೆಯದೆ ಆಡುತ್ತೀರಿ. ಹಾಗಿದ್ದರೆ ಜಯನಗರದ ಈ ನಿವಾಸಿಗೆ ಒಂದು ಲೆಕ್ಕ ಒಪ್ಪಿಸಿ. ಓವರ್‌ಡೋಸ್ ಆಗಿ ಆಸ್ಪತ್ರೆ ಸೇರಿ, ಉಸಿರು ಮರಳಿ ಮನೆಗೆ ಹೋದವರಲ್ಲಿ ವರ್ಷದ ಮೇಲೂ ಬದುಕಿರುವವರು ಎಷ್ಟು ಮಂದಿ? ಸತ್ತವರನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯಾದ ಎನ್‌ಸಿಆರ್‌ಬಿ ಎಣಿಸುತ್ತದೆ. ಬದುಕಿದವರಿಗೆ ಅಲ್ಲಿ ಕಾಲಂ ಇಲ್ಲ.

ಈ ಲೆಕ್ಕ ಏಕೆ ಬೇಕೆಂದರೆ, ಬದುಕಿ ಬಂದವರೇ ಸಾವಿಗೆ ಅತಿ ಹತ್ತಿರದಲ್ಲಿರುವವರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಓಪಿಯಾಯ್ಡ್ (ಅಫೀಮಿನಂಥ ಮಾದಕ) ಓವರ್‌ಡೋಸ್‌ಗೆ ತುರ್ತು ಚಿಕಿತ್ಸೆ ಪಡೆದು ಉಳಿದ 11,557 ಮಂದಿಯಲ್ಲಿ ವರ್ಷದೊಳಗೆ 635 ಮಂದಿ ತೀರಿಕೊಂಡರು. ಆ ಪೈಕಿ 130 ಮಂದಿಗೆ ಮೊದಲ ತಿಂಗಳೂ ದಾಟಲಾಗಲಿಲ್ಲ. ಇಂಥವರ ಸಾವಿನ ಪ್ರಮಾಣ ಸಾಮಾನ್ಯ ಜನರಿಗಿಂತ ಸುಮಾರು 24 ಪಟ್ಟು ಎಂದು 2018ರ ಇನ್ನೊಂದು ಅಧ್ಯಯನ ಹೇಳಿತು. ಕೊಂದದ್ದು ಮಾದಕವಸ್ತುವೊಂದೇ ಅಲ್ಲ. ಹೃದಯ, ಶ್ವಾಸಕೋಶ, ಸೋಂಕು, ಆತ್ಮಹತ್ಯೆ ಎಲ್ಲವೂ ಸೇರಿದ್ದವು. ಮತ್ತೊಂದು ಅಧ್ಯಯನದಲ್ಲಿ, ಓಪಿಯಾಯ್ಡ್ ಚಟಕ್ಕೆ ಕೊಡುವ ಮದ್ದಾದ ಬ್ಯುಪ್ರೆನಾರ್ಫಿನ್ ಪಡೆಯುತ್ತಿದ್ದವರಲ್ಲಿ ಸಾವು ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚಾಗಿ ತಗ್ಗಿತ್ತು. ಮದ್ದಿಲ್ಲ ಎಂಬ ನೆಪಕ್ಕೆ ಇಲ್ಲಿ ಜಾಗವಿಲ್ಲ.

ನಮ್ಮ ಕ್ಯಾಷುವಾಲ್ಟಿಯೊಳಗೆ ಒಮ್ಮೆ ನಿಂತು ನೋಡಿ. ಓಪಿಯಾಯ್ಡ್ ಪ್ರಭಾವ ತಡೆಯುವ ನಲಾಕ್ಸೋನ್ ಕೊಟ್ಟರೆ ನಿಮಿಷಗಳಲ್ಲಿ ಉಸಿರು ಮರಳುತ್ತದೆ. ಅದರ ಪ್ರಭಾವ ಒಂದು-ಒಂದೂವರೆ ಗಂಟೆಯಲ್ಲಿ ಇಳಿದರೂ, ಒಳಗಿನ ವಿಷ ಇನ್ನೂ ಇಳಿಯದಿರಬಹುದು. ಅಷ್ಟರಲ್ಲಿ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ, ಎಂಬ ಮಾತು ಕಿವಿಗೆ ಬಿದ್ದ ತಾಯಿ ಕೈಮುಗಿದು, ಸಹಿ ಹಾಕಿ, ಮಗನನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಟುಬಿಡುತ್ತಾಳೆ. ಸ್ವಯಂ ಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ, ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ, ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ ಎಂದು ಆಕೆಗೆ ಅಲ್ಲಿ ಯಾರು ಹೇಳಬೇಕು? ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ, ಅದರೊಳಗೆ ವ್ಯಸನ ಚಿಕಿತ್ಸಾ ಕೇಂದ್ರವೂ ಇದೆ. ಜಯನಗರದಿಂದ ಅಲ್ಲಿಗೆ ದೂರವೇನೂ ಇಲ್ಲ. ಆದರೆ ಕೈಹಿಡಿದು ಕರೆದೊಯ್ಯುವವರಿಲ್ಲ, ಮರುವಾರ ಫೋನ್ ಮಾಡಿ ವಿಚಾರಿಸುವವರೂ ಇಲ್ಲ.

ಯಾರ ಕಣ್ಣಿಗೂ ಬೀಳದ ಇನ್ನೊಂದು ಗುಂಪೂ ಇದೆ. ತಾವು ಸೈನಿಕರನ್ನು ಗೌರವಿಸುವವರು. ಆಗಸ್ಟ್ 15ಕ್ಕೆ ಅವರಿಗೆ ಶಾಲು ಹೊದಿಸುವ ಚಿತ್ರಗಳು ಬರುತ್ತವೆ. ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟ್ ಗೇಟುಗಳಲ್ಲಿ ರಾತ್ರಿ ಪಾಳಿ ನಿಂತ ಸೆಕ್ಯುರಿಟಿಯವರಲ್ಲಿ ಮಾಜಿ ಸೈನಿಕರೂ ಇದ್ದಾರೆ. ಅವರು ವ್ಯಸನಿಗಳೆಂದು ನಾನು ಹೇಳುತ್ತಿಲ್ಲ. ಗಡಿಯಿಂದ ಹೊತ್ತು ತಂದ ಸೊಂಟನೋವಿಗೆ, ಬಾರದ ನಿದ್ದೆಗೆ ಮಾತ್ರೆ ನುಂಗುವವರನ್ನು ಗಮನಿಸುವವರು ಯಾರು ಎಂದು ಕೇಳುತ್ತಿದ್ದೇನೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು ಅಪಾಯದಲ್ಲಿರುವವರ ಕೈಗೇ ನಲಾಕ್ಸೋನ್ ಕೊಟ್ಟು ಕಳಿಸುತ್ತವೆ. ನಮ್ಮಲ್ಲಿ 2003ರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಇದೆ. ಅದು ಕೇಂದ್ರದ್ದು ಎಂದು ತಾವು ಹೇಳಬಹುದು. ಆದರೆ ಜಿಲ್ಲಾ ಆಸ್ಪತ್ರೆ ತಮ್ಮದು, ಪೊಲೀಸ್ ಠಾಣೆ ತಮ್ಮ ಸರ್ಕಾರದ್ದು, ಮೆಡಿಕಲ್ ಶಾಪ್ ತಪಾಸಣೆ ಮಾಡುವವರೂ ತಮ್ಮವರೇ.

2019ರಲ್ಲಿ ಬಂದ ಏಮ್ಸ್ ಸಮೀಕ್ಷೆ ದೇಶದಲ್ಲಿ ಸುಮಾರು 77 ಲಕ್ಷ ಜನರಿಗೆ ಓಪಿಯಾಯ್ಡ್ ಚಟದ ವಿಷಯದಲ್ಲಿ ನೆರವು ಬೇಕೆಂದಿತು. ಅದಕ್ಕೂ ಮೊದಲೇ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತು ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ತನ್ನೊಳಗೆ ಸೇರಿಸಿಕೊಂಡು, ಚಿಕಿತ್ಸೆ ಪಡೆಯುವುದನ್ನು ಹಕ್ಕಾಗಿಸಿದೆ. ಹಾಗಾಗಿ ನಾನು ದಯೆ ಬೇಡುತ್ತಿಲ್ಲ. ಪ್ರತಿ ಸರ್ಕಾರಿ ಕ್ಯಾಷುವಾಲ್ಟಿಯಲ್ಲಿ ನಲಾಕ್ಸೋನ್ ದಾಸ್ತಾನಿರಲಿ. ಡಿಸ್ಚಾರ್ಜ್‌ಗೆ ಮೊದಲೇ ಬ್ಯುಪ್ರೆನಾರ್ಫಿನ್ ಚಿಕಿತ್ಸೆಗೆ ದಾರಿಯಾಗಲಿ. ಮೊದಲ ತಿಂಗಳು ವಾರವಾರವೂ ರೋಗಿಯನ್ನು ವಿಚಾರಿಸಲು ಒಬ್ಬರು ನೌಕರರಿರಲಿ.

ಮುಂದಿನ ಜೂನ್ 26ಕ್ಕೆ ಸುಟ್ಟ ಮಾಲಿನ ತೂಕದ ಜೊತೆಗೆ ಬದುಕಿ ಉಳಿದವರ ಸಂಖ್ಯೆಯನ್ನೂ ಓದಿ ಹೇಳಿ. ಅದು ತಮ್ಮ ಬಳಿ ಇಲ್ಲದಿದ್ದರೆ, ದಯವಿಟ್ಟು ಆ ಮಕ್ಕಳ ಕೈಯಲ್ಲಿ ಪ್ರತಿಜ್ಞೆ ಮಾಡಿಸಬೇಡಿ.

ಇಂತಿ,
ದಕ್ಷಿಣ ಬೆಂಗಳೂರಿನ ಒಬ್ಬ ಮತದಾರ