ಪ್ರಯಾಣಕ್ಕೆ ಮುಂಚಿನ ಪ್ರಯಾಣ

ಕೂಳೂರು ಸೇತುವೆಗೆ ನಮ್ಮ ಸಮುದಾಯದ ಚರಿತ್ರೆಯ ಒಂದು ಅಧ್ಯಾಯ ಚೆನ್ನಾಗಿ ಗೊತ್ತಿದೆ. ಮಂಗಳೂರಿನಿಂದ ಮುಂಬಯಿಗೆ ಹೊರಟ ಬಸ್ಸುಗಳು ಫಲ್ಗುಣಿ ನದಿಯನ್ನು ದಾಟಿದ್ದು ಇಲ್ಲೇ. ಅವುಗಳಲ್ಲಿ ಕುಳಿತ ಎಷ್ಟೋ ಯುವಕರು ಮುಂಬಯಿಯಿಂದ ಗಲ್ಫ್ ಸೇರಿದರು, ಮನೆ ಕಟ್ಟಿದರು, ತಂಗಿಯರ ಮದುವೆ ಮಾಡಿದರು. ಇಂದು ಅದೇ ಕೂಳೂರಿನಿಂದ ಕಾವೂರು ಮಾರ್ಗವಾಗಿ ವಿಮಾನ ನಿಲ್ದಾಣ ತಲುಪಿದರೆ ಸಾಕು, ಗಲ್ಫಿಗೆ ನೇರ ವಿಮಾನವಿದೆ. ಈ ಅವಧಿಯಲ್ಲಿ ನಮ್ಮ ಮನೆಗಳು ಒಂದು ವಿದ್ಯೆಯನ್ನು ಕರಗತ ಮಾಡಿಕೊಂಡವು. ಪಾಸ್‌ಪೋರ್ಟ್ ಹೇಗೆ, ವೈದ್ಯಕೀಯ ತಪಾಸಣೆ ಎಲ್ಲಿ, ಯಾವ ಕಾಗದಕ್ಕೆ ಯಾರ ಮೊಹರು ಬೇಕು ಎಂಬುದನ್ನು ಶಾಲೆಯ ಮೆಟ್ಟಿಲು ಹತ್ತದ ತಾಯಿಯೂ ಹೇಳಬಲ್ಲಳು.

ಈಗ ಅದೇ ಕೂಳೂರಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಆ ಮನೆಯ ಮಗಳು ಕೊಣಾಜೆಯ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ಓದುತ್ತಿದ್ದಾಳೆ, ಅಥವಾ ಮಗ ಸುರತ್ಕಲ್‌ನ ಎನ್‌ಐಟಿಕೆಯಲ್ಲಿದ್ದಾನೆ. ವಿದೇಶದ ಅಂತಾರಾಷ್ಟ್ರೀಯ ಪ್ರಯೋಗಾಲಯವೊಂದರಿಂದ ಎರಡು ತಿಂಗಳ ಸಂಶೋಧನೆಗೆ ಆಹ್ವಾನ ಬರುತ್ತದೆ. ಆ ಮನೆಯಲ್ಲಿ ಏನು ನಡೆದೀತು? ಸಂತೋಷಪಡುವವರು ಇದ್ದಾರು. ಆದರೆ ಮುಂದೇನು ಮಾಡಬೇಕೆಂದು ಹೇಳಬಲ್ಲವರು ಇದ್ದಾರೆಯೇ? ದುಬೈಗೆ ದಾರಿ ತೋರಿಸಲು ಹತ್ತು ಮಂದಿ ಸಿಗುವ ಓಣಿಯಲ್ಲಿ ಜಿನೀವಾಕ್ಕೆ ದಾರಿ ತೋರಿಸಲು ಒಬ್ಬರಾದರೂ ಇದ್ದಾರೆಯೇ?

ಜಿನೀವಾದ ಹೆಸರನ್ನು ನಾವು ಸುಮ್ಮನೆ ಎತ್ತಿಕೊಂಡಿಲ್ಲ. ಅಲ್ಲಿ, ಸ್ವಿಟ್ಜರ್‌ಲ್ಯಾಂಡ್ ಮತ್ತು ಫ್ರಾನ್ಸ್‌ನ ಗಡಿಯಲ್ಲಿ, ಸರ್ನ್ ಎಂಬ ಪ್ರಯೋಗಾಲಯವಿದೆ. ಎರಡನೇ ಮಹಾಯುದ್ಧದಲ್ಲಿ ಪರಸ್ಪರ ಕಾದಾಡಿದ್ದ ಯುರೋಪಿನ ದೇಶಗಳು 1954ರಲ್ಲಿ ಕೂಡಿ ಕಟ್ಟಿದ ಸಂಸ್ಥೆ ಅದು. ನೆಲದಡಿಯಲ್ಲಿ 27 ಕಿಲೋಮೀಟರ್ ಸುತ್ತಳತೆಯ ಸುರಂಗದೊಳಗೆ ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸಿ, ಪದಾರ್ಥದ ಮೂಲ ರಚನೆಯನ್ನು ಅಲ್ಲಿ ಶೋಧಿಸುತ್ತಾರೆ. ಹಿಗ್ಸ್ ಬೋಸಾನ್ ಕಣವನ್ನು ಕಂಡುಹಿಡಿದುದಾಗಿ 2012ರ ಜುಲೈ 4ರಂದು ಘೋಷಿಸಿದ್ದು ಇಲ್ಲಿಯೇ. ಭಾರತವು 2017ರ ಜನವರಿಯಿಂದ ಇದರ ಸಹಸದಸ್ಯ ರಾಷ್ಟ್ರ. ಅಂದರೆ ನಮ್ಮೆಲ್ಲರ ತೆರಿಗೆಯ ಒಂದು ಪಾಲು ಅಲ್ಲಿಗೆ ಸಲ್ಲುತ್ತದೆ. ಅಲ್ಲಿನ ವಿದ್ಯಾರ್ಥಿ ಕಾರ್ಯಕ್ರಮಗಳಿಗೂ ನಿಗದಿತ ಅವಧಿಯ ಹುದ್ದೆಗಳಿಗೂ ಅರ್ಜಿ ಹಾಕಲು ಭಾರತೀಯರಿಗೆ ಅವಕಾಶವಿದೆ. ಅಲ್ಲಿನ ಆಲಿಸ್ ಎಂಬ ಬೃಹತ್ ಪ್ರಯೋಗದಲ್ಲಿ ಅಲಿಗಢ ಮುಸ್ಲಿಮ್ ವಿಶ್ವವಿದ್ಯಾನಿಲಯವೂ ಪಾಲ್ಗೊಂಡಿದೆ. ಆದ್ದರಿಂದ ಆ ಬಾಗಿಲು ನಮ್ಮದಲ್ಲ ಎಂದು ಹೇಳಲು ನಮಗೆ ನೆಪವಿಲ್ಲ.

ನೆಪವಿಲ್ಲ ನಿಜ. ಆದರೆ ಸಿದ್ಧತೆಯೂ ಇಲ್ಲ.

ಮೊದಲು ಕಾಗದಪತ್ರಗಳನ್ನೇ ತೆಗೆದುಕೊಳ್ಳೋಣ. ಮಗುವಿನ ಹೆಸರು ಜನನ ಪ್ರಮಾಣಪತ್ರದಲ್ಲಿ ಒಂದು ಬಗೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಬಗೆ, ಆಧಾರ್‌ನಲ್ಲಿ ಮತ್ತೊಂದು ಬಗೆ ಇರುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಕೆಲವರಿಗೆ ಒಂದೇ ಹೆಸರು, ಮನೆತನದ ಹೆಸರಿನ ಜಾಗ ಖಾಲಿ. 2022ರ ನವೆಂಬರ್‌ನಲ್ಲಿ ಯುಎಇಯು ಒಂಟಿ ಹೆಸರಿನ ಪಾಸ್‌ಪೋರ್ಟ್ ಹೊಂದಿದ ಸಂದರ್ಶಕರಿಗೆ ಪ್ರವೇಶವಿಲ್ಲವೆಂದಾಗ ಈ ತೊಡಕಿನ ಬಿಸಿ ನಮಗೂ ತಟ್ಟಿತ್ತು. ಯುರೋಪಿನ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಹದಿನೈದು ದಿನ ಮಾತ್ರ ಉಳಿದಾಗ ಓಡಿದರೆ ಪ್ರಯೋಜನವಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಬೇಕು. ಈ ವೀಸಾದಲ್ಲಿ 180 ದಿನಗಳ ಅವಧಿಯೊಳಗೆ 90 ದಿನ ಮಾತ್ರ ತಂಗಬಹುದು. ಅದಕ್ಕಿಂತ ಹೆಚ್ಚಿನ ವಾಸಕ್ಕೆ ಬೇರೆಯೇ ವೀಸಾ. ಸರ್ನ್ ಎರಡು ದೇಶಗಳಲ್ಲಿ ಹರಡಿರುವುದರಿಂದ, ಯಾವ ದೇಶಕ್ಕೆ ಅರ್ಜಿ ಹಾಕಬೇಕೆಂಬುದನ್ನು ಆಹ್ವಾನ ಕೈಸೇರಿದ ದಿನವೇ ಅಲ್ಲಿನವರಲ್ಲಿ ಕೇಳಿಕೊಳ್ಳುವುದು ಲೇಸು. ಇವು ಯಾವುವೂ ಕಠಿಣವಲ್ಲ. ಆದರೆ ಹೆಸರಿನ ಒಂದಕ್ಷರ ತಿದ್ದಿಸಲು ತಿಂಗಳುಗಟ್ಟಲೆ ಅಲೆದವರಿಗೆ ಗೊತ್ತು, ಆಹ್ವಾನವು ಅಷ್ಟು ದಿನ ಕಾಯುವುದಿಲ್ಲ.

ಆದರೂ ಕಾಗದವು ಸಿದ್ಧತೆಯ ಹೊರಕವಚ ಮಾತ್ರ. ನಿಜವಾದ ಸಿದ್ಧತೆ ಇರುವುದು ಮನಸ್ಸಿನಲ್ಲಿ. ಹತ್ತನೇ ಶತಮಾನದಲ್ಲಿ ಖ್ವಾರಿಝ್ಮ್‌ನಲ್ಲಿ ಹುಟ್ಟಿದ ಅಲ್‌ಬಿರೂನಿ ಭಾರತದ ಬಗ್ಗೆ ಬರೆಯುವ ಮುನ್ನ ಏನು ಮಾಡಿದರು? ಸಂಸ್ಕೃತ ಕಲಿತರು. ಇಲ್ಲಿನ ವಿದ್ವಾಂಸರ ಬಳಿ ಕುಳಿತು, ಪ್ರಶ್ನೆ ಕೇಳಿ, ಅವರ ಗ್ರಂಥಗಳನ್ನು ಅವರದೇ ಭಾಷೆಯಲ್ಲಿ ಓದಿದರು. ಸಾವಿರ ವರ್ಷಗಳ ಬಳಿಕವೂ ಅವರ ಬರಹಕ್ಕೆ ಬೆಲೆ ಇರುವುದು ಆ ಸಿದ್ಧತೆಯಿಂದ. ಇಂದಿನ ಪ್ರಯೋಗಾಲಯಕ್ಕೂ ಒಂದು ಭಾಷೆಯಿದೆ. ಗಣಿತ, ಕಂಪ್ಯೂಟರ್ ಪ್ರೋಗ್ರಾಮಿಂಗ್, ಅಳತೆಯಲ್ಲಾದ ತಪ್ಪನ್ನು ಮುಚ್ಚಿಡದೆ ದಾಖಲಿಸುವ ಪ್ರಾಮಾಣಿಕತೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವ ಧೈರ್ಯ. ಇದನ್ನು ವಿಮಾನದಲ್ಲಿ ಕುಳಿತು ಕಲಿಯಲಾಗದು. ಕಲಿಯಲು ಜಿನೀವಾಕ್ಕೆ ಹೋಗಬೇಕೆಂದೂ ಇಲ್ಲ. ಸರ್ನ್ ತನ್ನ ಪ್ರಯೋಗಗಳ ದತ್ತಾಂಶವನ್ನು 2014ರಿಂದ ಸಾರ್ವಜನಿಕರಿಗೆ ಉಚಿತವಾಗಿ ತೆರೆದಿಟ್ಟಿದೆ. ಕೂಳೂರಿನ ಮನೆಯ ಮೇಜಿನ ಮೇಲಿರುವ ಕಂಪ್ಯೂಟರಿನಲ್ಲಿಯೇ ಆ ದತ್ತಾಂಶವನ್ನು ಇಳಿಸಿಕೊಂಡು ಅಭ್ಯಾಸ ಮಾಡಬಹುದು. ಹಾಗೆ ಮಾಡಿದ ವಿದ್ಯಾರ್ಥಿಯ ಬಗ್ಗೆ ಅಧ್ಯಾಪಕರು ಬರೆಯುವ ಶಿಫಾರಸು ಪತ್ರಕ್ಕೂ, ಪರೀಕ್ಷೆಗೆ ಮಾತ್ರ ಮುಖ ತೋರಿಸಿದವನ ಪತ್ರಕ್ಕೂ ಅಜಗಜಾಂತರವಿದೆ.

ದೂರದ ಉದಾಹರಣೆಯೇ ಬೇಕೆಂದಿಲ್ಲ. ಕೂಳೂರು ಸೇತುವೆ ದಾಟಿ ಇದೇ ಹೆದ್ದಾರಿಯಲ್ಲಿ ಉಡುಪಿಯ ಕಡೆಗೆ ಸಾಗಿದರೆ, ಪಡುಬಿದ್ರಿಯ ಆಚೆ ಅದಮಾರು ಎಂಬ ಹಳ್ಳಿಯಿದೆ. 1932ರಲ್ಲಿ ಅಲ್ಲಿ ಹುಟ್ಟಿದ ಯು.ಆರ್. ರಾವ್, ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿದವರು. ವಿಕ್ರಮ್ ಸಾರಾಭಾಯಿ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಅಧ್ಯಯನ ನಡೆಸಿ, ಬಳಿಕ ಅಮೆರಿಕದ ಎಂಐಟಿ ಸೇರಿದರು. ಅಲ್ಲಿಗೆ ಹೋಗುವ ಮೊದಲೇ ತನ್ನ ವಿಷಯದಲ್ಲಿ ಪಳಗಿದ್ದರು. 1966ರಲ್ಲಿ ಮರಳಿ ಬಂದರು. 1975ರಲ್ಲಿ ದೇಶದ ಮೊದಲ ಉಪಗ್ರಹ ಆರ್ಯಭಟ ಬಾಹ್ಯಾಕಾಶ ಸೇರಿದ್ದು ಅವರ ನೇತೃತ್ವದಲ್ಲಿ. ವಿದೇಶದಲ್ಲಿ ಕಲಿತದ್ದನ್ನು ದೇಶಕ್ಕೆ ಮರಳಿಸುವುದು ಹೇಗೆಂಬುದಕ್ಕೆ ನಮ್ಮ ಕರಾವಳಿಯೇ ಕೊಟ್ಟ ಉತ್ತರವಿದು.

ಇನ್ನು ಹೆಣ್ಣುಮಕ್ಕಳ ವಿಷಯ. ಪರೀಕ್ಷೆಯ ಫಲಿತಾಂಶ ಬಂದಾಗ ಮಗಳ ಅಂಕಗಳನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು, ಅವಳು ಸಂಶೋಧನೆಗಾಗಿ ಹೊರಡುತ್ತೇನೆಂದಾಗ ಮೌನವಾಗುತ್ತೇವೆ. ಸುರಕ್ಷತೆ, ವಾಸ, ಆಹಾರ, ನಮಾಝ್, ಜೊತೆಗಾರರು ಎಂಬ ಹೆತ್ತವರ ಆತಂಕಗಳನ್ನು ಹಗುರವಾಗಿ ಕಾಣುವವರು ನಾವಲ್ಲ. ಆದರೆ ಆತಂಕವನ್ನು ಪ್ರಶ್ನೆಯಾಗಿಸಿ ಕೇಳಿದರೆ ಉತ್ತರ ಸಿಗುತ್ತದೆ, ತೀರ್ಪಾಗಿಸಿದರೆ ಬಾಗಿಲು ಮುಚ್ಚುತ್ತದೆ. ವಾಸದ ವ್ಯವಸ್ಥೆ ಏನೆಂದು ಆಹ್ವಾನಿಸಿದವರಿಗೆ ಪತ್ರ ಬರೆಯಬಹುದು. ಅಲ್ಲಿ ಕೆಲಸ ಮಾಡಿ ಬಂದ ಭಾರತೀಯ ಸಂಶೋಧಕಿಯರಲ್ಲಿ ವಿಚಾರಿಸಬಹುದು. ಇದ್ಯಾವುದನ್ನೂ ಮಾಡದೆ ಬೇಡವೆನ್ನುವುದು ಎಚ್ಚರಿಕೆಯಲ್ಲ, ಆಲಸ್ಯ.

ಹೊಣೆಗಾರಿಕೆ ಹೆತ್ತವರದು ಮಾತ್ರವೇ? ಖಂಡಿತ ಅಲ್ಲ. ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರಕಾರವು 2022-23ರಿಂದ ನಿಲ್ಲಿಸಿತು. ಇತರ ಯೋಜನೆಗಳೊಂದಿಗೆ ಅದು ಪುನರಾವರ್ತನೆಯಾಗುತ್ತದೆ ಎಂಬುದು ಸರಕಾರ ಕೊಟ್ಟ ಕಾರಣ. ವಿದೇಶ ವ್ಯಾಸಂಗದ ಸಾಲದ ಬಡ್ಡಿಗೆ ನೆರವು ನೀಡುತ್ತಿದ್ದ ಪಢೋ ಪರದೇಶ್ ಯೋಜನೆಯೂ ಅದೇ ಅವಧಿಯಲ್ಲಿ ನಿಂತಿತು. ಅಂತಾರಾಷ್ಟ್ರೀಯ ಪ್ರಯೋಗಾಲಯದ ಸದಸ್ಯತ್ವಕ್ಕೆ ಹಣ ತೆರುವ ಸರಕಾರವು, ಆ ಪ್ರಯೋಗಾಲಯದ ಹೊಸ್ತಿಲವರೆಗೆ ಬಡ ವಿದ್ಯಾರ್ಥಿಯನ್ನು ತಲುಪಿಸುವ ಏಣಿಯನ್ನು ಎಳೆದುಕೊಂಡದ್ದು ನ್ಯಾಯವೇ? ಈ ಪ್ರಶ್ನೆಯನ್ನು ನಮ್ಮ ಜನಪ್ರತಿನಿಧಿಗಳು ಸದನದಲ್ಲಿ ಕೇಳುತ್ತಲೇ ಇರಬೇಕು.

ಆದರೆ ಉತ್ತರ ಬರುವ ತನಕ ಕೈಕಟ್ಟಿ ಕುಳಿತರೆ ಒಂದು ತಲೆಮಾರೇ ದಾಟಿಹೋದೀತು. ಪ್ರತಿ ಜಮಾಅತ್‌ನಲ್ಲಿ ಇಬ್ಬರು ಅಧ್ಯಾಪಕರು, ಕಾಗದಪತ್ರ ಬಲ್ಲ ಒಬ್ಬ ಹಿರಿಯರು ಸೇರಿ ತಿಂಗಳಿಗೊಮ್ಮೆ ಮಕ್ಕಳೊಂದಿಗೆ ಕುಳಿತುಕೊಳ್ಳಲಿ. ಎಂಟನೇ ತರಗತಿಯಲ್ಲಿಯೇ ಹೆಸರು, ಜನ್ಮದಿನಾಂಕಗಳನ್ನು ಸರಿಪಡಿಸಿಕೊಡಲಿ. ಪದವಿ ತರಗತಿಯ ಮಕ್ಕಳಿಗೆ ಅರ್ಜಿಯ ಕೊನೆಯ ದಿನಗಳನ್ನು ಮಸೀದಿಯ ಸೂಚನಾ ಫಲಕದಲ್ಲಿ ಹಾಕಲಿ. ಮದುವೆ ಮಂಟಪದ ಒಂದು ದಿನದ ಅಲಂಕಾರಕ್ಕೆ ಸುರಿಯುವ ಹಣದ ಒಂದು ಭಾಗವು ಒಬ್ಬ ವಿದ್ಯಾರ್ಥಿಯ ವಿಮಾನದ ಟಿಕೆಟಿಗೂ ವಿಮೆಗೂ ಸಾಕಾದೀತು.

ಗಲ್ಫಿಗೆ ಹೋದ ನಮ್ಮ ಹಿರಿಯರು ದುಡಿದು ಮನೆ ಕಟ್ಟಿಕೊಟ್ಟರು. ಅವರ ಬೆವರಿಗೆ ಸಲ್ಲಬೇಕಾದ ಗೌರವವೆಂದರೆ, ಆ ಮನೆಯೊಳಗೆ ಓದಿಗೊಂದು ಮೇಜು ಇಡುವುದು. ಕೂಳೂರಿನ ಮುಂದಿನ ಪ್ರಯಾಣ ಆ ಮೇಜಿನಿಂದಲೇ ಆರಂಭವಾಗಲಿ.