‘ಏನೂ ಇಲ್ಲ’ ಅಂದ್ರೆ ಏನು? (ಭಾಗ 3)

“ರಿಪೋರ್ಟ್ ನಾರ್ಮಲ್ ಬಂತಲ್ಲ, ಇನ್ನೇನು ನಿನ್ ನಾಟಕ?” ಈ ಮಾತನ್ನ ನೀವೂ ಯಾರಿಗಾದ್ರೂ ಹೇಳಿರ್ತೀರ. ನಾನೂ ಹೇಳಿದ್ದೆ, ನನಗೇ ಆಗೋವರೆಗೂ.

ಮೂರನೇ ಸೆಮ್ ಇಂಟರ್ನಲ್ಸ್ ಹಿಂದಿನ ರಾತ್ರಿ. ಎದೆ ಬಿಗಿದು, ಉಸಿರು ಸಿಗದೆ, ಕೈಯೆಲ್ಲಾ ಜೋಮು ಹಿಡಿದು ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸತ್ತೇ ಹೋಗ್ತೀನಿ ಅನ್ನಿಸಿತ್ತು. ಇಸಿಜಿ ನಾರ್ಮಲ್. “ಏನೂ ಇಲ್ಲಮ್ಮ, ಟೆನ್ಶನ್ ಅಷ್ಟೇ” ಅಂದ್ರು ಡಾಕ್ಟ್ರು. ದೊಡ್ಡಮ್ಮ “ಎಲ್ಲಾ ಮೊಬೈಲಿಂದ” ಅಂದ್ರು. ಕ್ಲಾಸಲ್ಲಿ “ಸಖತ್ ಆಕ್ಟಿಂಗ್” ಅಂತ ಹೆಸರು ಬಂತು.

ನೋಡಿ, ಡಾಕ್ಟ್ರು ಹೇಳಿದ್ದು ಹಾರ್ಟಿಗೆ ಏನೂ ಆಗಿಲ್ಲ ಅಂತ. ನೀವು ಕೇಳಿಸಿಕೊಂಡಿದ್ದು ಇವಳಿಗೆ ಏನೂ ಆಗಿಲ್ಲ ಅಂತ. ನನ್ನ ಜಗಳ ಇರೋದು ಇಲ್ಲೇ.

ಕಾಲು ಕತ್ತರಿಸಿ ತೆಗೆದ ಮೇಲೂ ಆ ಇಲ್ಲದ ಪಾದ ಉರಿಯುತ್ತೆ ಅನ್ನೋರಿದ್ದಾರೆ. ಅಮೆರಿಕದ ಅಂತರ್ಯುದ್ಧದಲ್ಲಿ ಅಂಗ ಕಳಕೊಂಡ ಸೈನಿಕರನ್ನ ನೋಡಿದ್ದ ವಿಯರ್ ಮಿಚೆಲ್ ಅನ್ನೋ ಡಾಕ್ಟರ್ 1871ರಲ್ಲಿ ಇದನ್ನ ‘ಫ್ಯಾಂಟಮ್ ಲಿಂಬ್’ ಅಂತ ಕರೆದ. ಮದ್ರಾಸಲ್ಲಿ ಮೆಡಿಕಲ್ ಓದಿದ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಒಂದು ಸಾದಾ ಕನ್ನಡಿ ಇಟ್ಟು, ಉಳಿದಿರೋ ಕೈಯ ಪ್ರತಿಬಿಂಬ ತೋರಿಸಿ, ಕೆಲವರಿಗೆ ಆ ನೋವು ಇಳಿಯೋ ಹಾಗೆ ಮಾಡಿದ್ರು. ಇಲ್ಲದ ಕೈ, ಇರೋ ನೋವು. ಈಗ ಹೇಳಿ, ಅದೂ ನಾಟಕಾನಾ? ನೋವಿನ ಬಗ್ಗೆ ಅಧ್ಯಯನ ಮಾಡೋ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯಾನ ತಿದ್ದಿದಾಗಲೂ, ಒಬ್ಬರು ನೋವು ಅಂದ್ರೆ ಆ ಮಾತನ್ನ ಗೌರವಿಸಬೇಕು ಅಂತಾನೇ ಬರೀತು.

ನಾವು ಬಿಕಾಂನೋರು ಅಂತೂ ಈ ತಪ್ಪು ಮಾಡಲೇಬಾರದು. ಗುಡ್‌ವಿಲ್ ಯಾವ ಅಕೌಂಟ್? ರಿಯಲ್ ಅಕೌಂಟ್! ಗೋಡೌನ್ ಪೂರ್ತಿ ಹುಡುಕಿದ್ರೂ ಕಣ್ಣಿಗೆ ಬೀಳಲ್ಲ, ಆದ್ರೂ ದುಡ್ಡು ಕೊಟ್ಟು ತಗೊಂಡಿದ್ರೆ ಬ್ಯಾಲೆನ್ಸ್ ಶೀಟಲ್ಲಿ ಆಸ್ತಿ ಕಡೆ ಬರೀತೀವಿ. ಕಂಪನಿಯ ಹೆಸರಿಗೆ ಕೊಡೋ ಮರ್ಯಾದೆ ಪಕ್ಕದ ಬೆಂಚಿನೋಳ ತಲೆನೋವಿಗೆ ಯಾಕಿಲ್ಲ?

“ಹಾಗಾದ್ರೆ ಹೇಳಿದ್ದೆಲ್ಲ ನಿಜಾನಾ?” ಅಂತ ಕಾಮೆಂಟ್ ಬರುತ್ತೆ, ಗೊತ್ತು. ಇಲ್ಲ. ಹಾರ್ಟ್ ನಿಂತುಹೋಗ್ತಿದೆ ಅಂತ ನಾನು ಅಂದ್ಕೊಂಡಿದ್ದು ತಪ್ಪು. ಆದ್ರೆ ಆ ಭಯ ತಪ್ಪಲ್ಲ, ಅದು ಆಗಿದ್ದೇ. ಕಾರಣ ತಪ್ಪಾಗಿ ಹೇಳೋದು ಬೇರೆ, ಸುಳ್ಳು ಹೇಳೋದು ಬೇರೆ. ನಮ್ಮ ಆಡುಮಾತಲ್ಲಿ ಎರಡಕ್ಕೂ ‘ಡ್ರಾಮಾ’ ಒಂದೇ ಪದ, ಅದೇ ದೊಡ್ಡ ತೊಂದರೆ.

ಕಾನೂನು ನಮಗಿಂತ ಮುಂದಿದೆ ಮಾರಾಯ್ರೆ. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆ ಥರಾನೇ ವಿಮೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತೆ. ಯಾರ ಹತ್ರಾನೂ ಹೇಳಕ್ಕಾಗ್ತಿಲ್ಲ ಅಂದ್ರೆ ಟೆಲಿ ಮಾನಸ್ 14416, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೊನ್ನೆ ಕೊನೇ ಪೀರಿಯಡ್‌ನಲ್ಲಿ “ತಲೆ ಸಿಡೀತಿದೆ” ಅಂದವಳಿಗೆ ಎಲ್ಲರೂ ನಕ್ಕಿರಲ್ಲ? ಅವಳು ಇವತ್ತೂ ಕಾಲೇಜಿಗೆ ಬಂದಿಲ್ಲ. ಯಾರಾದ್ರೂ ಫೋನ್ ಮಾಡಿದ್ರಾ?